ಬಾಶಿ ಕಬಾಸೊ ಹಿಡಿದ ಕಳ್ಳರು

ನಮ್ಮ ಊರು ಮುಕಾಂಗಾದ ದಡದಲ್ಲಿ ಯಾರನ್ನು ಬೇಕಾದರೂ ಕೇಳಿ, ಆಸ್ಪತ್ರೆಯ ಸೋಲಾರ್ ಹಲಗೆ ಕೆಡಿಸಿದವನು ಬಾಶಿ ಕಬಾಸೊ ಎಂದೇ ಹೇಳುತ್ತಾರೆ. ಅವರಿಗೆ ಗೊತ್ತಿರುವುದು ಅರ್ಧ. ಉಳಿದರ್ಧ ಗೊತ್ತಿರುವವರು ಇಬ್ಬರೇ, ಅವನು ಮತ್ತು ನಾನು. ಅವನು ಬಾಯಿ ಬಿಡುವ ಪೈಕಿಯಲ್ಲ. ನನಗೆ ಬಾಯಿಂದ ಹೇಳುವ ಮುಖವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರೆಯುವುದು ನನ್ನ ಕಸುಬೂ ಹೌದು. ಹೆಸರು ಚೋಲಾ. ಅಂಗಡಿಯ ಬೋರ್ಡು, ದೋಣಿಯ ಹೆಸರು, ಗೋರಿಯ ಮೇಲಿನ ಶಿಲುಬೆ, ಯಾವುದಕ್ಕೂ ಇಲ್ಲವೆಂದವನಲ್ಲ. ಮ್ವೇರು ಸರೋವರದ ಈ ದಂಡೆಯಲ್ಲಿ ನೀವು ಓದುವ ದಪ್ಪಕ್ಷರಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯವು. ಬಾಶಿ ಕಬಾಸೊ ನನ್ನ ಪಕ್ಕದ ತಗಡಿನ ಅಂಗಡಿಯವನು, ಕಬಾಸೊ ಎಂಬ ಹುಡುಗಿಯ ಅಪ್ಪ, ಆ ಹೆಸರಿನ ಅರ್ಥವೂ ಅದೇ. ಮೊದಲು ಮೀನು ಹಿಡಿಯುತ್ತಿದ್ದ. ಸೊಂಟ ಕೈಕೊಟ್ಟ ಮೇಲೆ ರೇಡಿಯೋ ಬಿಚ್ಚಿ ಜೋಡಿಸುವುದನ್ನು ಕಣ್ಣಲ್ಲೇ ನೋಡಿ ಕಲಿತ. ಮನೆಮನೆಗೂ ಸೋಲಾರ್ ಬಂದಾಗ ಅದನ್ನೂ ಹಾಗೇ ಕಲಿತ.

ಅವನದು ಮಳೆಯ ಕುಲ, ನನ್ನದು ಅಣಬೆಯ ಕುಲ. ಈ ಎರಡು ಕುಲದವರು ಎದುರಾದರೆ ಬೈದಾಡಲೇಬೇಕು, ಬೈಸಿಕೊಂಡವನು ಸಿಟ್ಟಾಗುವಂತಿಲ್ಲ. ತಾವು ಸುರಿಯದಿದ್ದರೆ ನಾವು ತಲೆಯೆತ್ತುವುದಿಲ್ಲ ಎಂದು ಅವರ ಜಂಬ. ಬಾಯಿ ಚಪ್ಪರಿಸಿ ತಿನ್ನುವಾಗ ಮಳೆಯನ್ನು ನೆನೆಯುವವರು ಯಾರಿದ್ದಾರೆ ಎಂದು ನಮ್ಮದು. ಅವರಲ್ಲಿ ಸಾವಾದರೆ ಗುಂಡಿ ತೋಡುವವರು ನಾವು, ನಮ್ಮಲ್ಲಾದರೆ ಅವರು. ತೋಡುತ್ತ ಹೀಯಾಳಿಸಿ ಅಳುವವರನ್ನು ನಗಿಸುವುದೂ ನಮ್ಮದೇ ಕೆಲಸ. ನಾವಿಬ್ಬರೂ ಸಾವಿಗೆ ಕಾಯುತ್ತಿರಲಿಲ್ಲ, ದಿನಾ ಬೆಳಿಗ್ಗೆ ಅಂಗಡಿ ತೆಗೆಯುವಾಗಲೇ ಶುರು.

"ಏನೋ ಅಣಬೆ, ಇವತ್ತು ಯಾವ ತಿಪ್ಪೆ ಮೇಲೆ ಎದ್ದೆ?"

"ನೀನು ನೆನೆಸಿಟ್ಟ ತಿಪ್ಪೆ ಮೇಲೇ ಕಣೋ. ನಿನ್ನ ಕೈಲಿ ಬೇರೆ ಏನು ತಾನೇ ನೆನೆಯುತ್ತೆ?"

ಹನ್ನೊಂದು ವರ್ಷ ಹೀಗೇ ನಡೆಯಿತು. ನನ್ನ ಹೆಂಡತಿಗಿಂತ ಹೆಚ್ಚು ಮಾತು ನಾನು ಅವನ ಜೊತೆ ಆಡಿದ್ದೇನೆ.

ಕಳ್ಳನ ಕಥೆ ಶುರುವಾದದ್ದು ಒಣಮೀನು ಮಾರುವ ಹೆಂಗಸು ಬಾನಾ ಮ್ವಾಪೆಯ ಹಲಗೆಯಿಂದ. ಸಿಡಿಲು ಬಡಿದ ಮರುದಿನದಿಂದ ಅದು ಮೂರರಲ್ಲಿ ಎರಡು ಪಾಲು ಕರೆಂಟು ಮಾತ್ರ ಕೊಡುತ್ತಿತ್ತು. ಬಾಶಿ ಕಬಾಸೊ ಅದನ್ನು ಮಗುಚಿ ಹಿಂದಿನ ಕಪ್ಪು ಡಬ್ಬಿ ತೆರೆದ. ಒಳಗೆ ಕಡಲೆಕಾಳಿನಷ್ಟು ದಪ್ಪದ ಮೂರು ಡಯೋಡು. ಎರಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತಿದ್ದವು. ಮೂರನೆಯದು ಸಿಡಿಲಿಗೆ ಬೆಂದು, ಅತ್ತಲೂ ಇತ್ತಲೂ ಬಿಡುತ್ತಿತ್ತು. ಅದನ್ನು ಕತ್ತರಿಸಿ ತೆಗೆದ. ಮೀಟರಿನ ಮುಳ್ಳು ಸರಕ್ಕನೆ ಮೇಲೇರಿತು.

"ನೋಡೋ ಅಣಬೆ, ಒಂದು ಪಾಲು ಇವನೇ ನುಂಗ್ತಿದ್ದ."

"ಅಂದ್ರೆ ಡಬ್ಬಿಯೊಳಗೆ ಕಳ್ಳ ಕೂತಿದ್ದ ಅನ್ನು," ಎಂದೆ ನಾನು.

ಆ ಹೆಸರು ಇಟ್ಟವನು ನಾನೇ. ಕೆಟ್ಟದ್ದನ್ನು ಕಿತ್ತದ್ದು ಸರಿ, ಅದರ ಜಾಗಕ್ಕೆ ಒಳ್ಳೆಯದೊಂದನ್ನು ಹಾಕಬೇಕಿತ್ತು. ಅವನು ಅದರ ಬದಲು ಉಳಿದೆರಡನ್ನೂ ಕಿತ್ತು ನೋಡಿದ. ನಡು ಮಧ್ಯಾಹ್ನದ ಬಿಸಿಲಲ್ಲಿ ಮುಳ್ಳು ಕದಲಲಿಲ್ಲ. ಇವಕ್ಕೆ ಮಾಡಲು ಕೆಲಸವೇ ಇಲ್ಲ, ಇವತ್ತು ಸೋಮಾರಿ, ನಾಳೆ ಕಳ್ಳ ಎಂದು ತೀರ್ಮಾನಿಸಿದ. ನಾನು ಅವನ ಅಂಗಡಿಗೆ ಕೆಂಪಕ್ಷರದಲ್ಲಿ ಬೋರ್ಡು ಬರೆದುಕೊಟ್ಟೆ: ‘ಸೋಲಾರ್ ಕಳ್ಳರನ್ನು ಹಿಡಿಯಲಾಗುತ್ತದೆ.’ ಎರಡು ವರ್ಷದಲ್ಲಿ ದಂಡೆಯುದ್ದಕ್ಕೂ ಜನ ಚೆನ್ನಾಗಿದ್ದ ಹಲಗೆಗಳನ್ನೂ ಹೊತ್ತು ತಂದರು. ಅವನು ಒಂದೊಂದರಿಂದಲೂ ಡಯೋಡು ಕಿತ್ತು ಹಾಲಿನ ಪುಡಿಯ ಡಬ್ಬಕ್ಕೆ ಹಾಕುತ್ತಿದ್ದ, ಜನ ನಗುತ್ತ ವಾಪಸು ಒಯ್ಯುತ್ತಿದ್ದರು.

ಆಸ್ಪತ್ರೆ ಎಂದರೆ ಎರಡು ಕೋಣೆಯ ಕಟ್ಟಡ. ಅಲ್ಲಿದ್ದವರು ಸಿಸ್ಟರ್ ನಾಸಿಲೆಲೆ, ದೇಶದ ಆ ಕೊನೆಯ ಮೊಂಗುವಿನ ಕಡೆಯವರು. ನಮ್ಮ ಮಾತು ಕಲಿತಿದ್ದರು, ಕಲಿತ ಮೇಲೂ ಒರಟಾಗಿ ಆಡಲು ಬರುತ್ತಿರಲಿಲ್ಲ. ಸೂರಿನ ಸೋಲಾರ್ ಕರೆಂಟು ಸಾಲದೆ ಮಕ್ಕಳ ಲಸಿಕೆಯ ಫ್ರಿಜ್ ಸೊರಗುತ್ತಿದೆ ಎಂದು ಅವರು ಜಿಲ್ಲೆಯ ಕಚೇರಿಗೆ ಬರೆದರು. ಯಾರೂ ಬರಲಿಲ್ಲ. ಊರ ಮುಖಂಡ ಲುಬುಂಡಾ ಅವರು ಬಾಶಿ ಕಬಾಸೊನನ್ನು ಕಳಿಸಿದರೆ ಸಿಸ್ಟರ್ ಬಾಗಿಲಲ್ಲೇ ನಿಲ್ಲಿಸಿದರು.

"ಬೇಜಾರು ಮಾಡ್ಕೋಬೇಡಿ ಬಾಶಿ ಕಬಾಸೊ. ಅದು ನನ್ನ ಸಹಿ ಮೇಲೆ ಇರೋ ಸಾಮಾನು. ಕಚೇರಿಯೋರೇ ಮುಟ್ಟಬೇಕು."

ಅವನು ನಗುತ್ತಲೇ ವಾಪಸಾದ. ಬೇಜಾರಾಗಿತ್ತು, ನಾನು ಅದನ್ನು ಕೆದಕಿದೆ. "ಊರೆಲ್ಲ ನೆನೆಸೋ ಮಳೆ ಆಸ್ಪತ್ರೆ ಸೂರಿನ ಮೇಲೆ ಮಾತ್ರ ಬೀಳಲ್ವಂತೆ," ಎಂದು ಮಾರ್ಕೆಟ್ಟಿನಲ್ಲಿ ಎಲ್ಲರೆದುರು ಹೇಳಿದೆ.

ಅದೇ ತಿಂಗಳು ಶಾಲೆಯ ಹಲಗೆ ಕಳುವಾಯಿತು. ಇನ್ನು ಮೇಲೆ ಎಲ್ಲ ಹಲಗೆಗಳ ಗಾಜಿನ ಮೇಲೂ ಹೆಸರು ಬರೆಸಬೇಕು, ಹೆಸರಿದ್ದರೆ ಸರೋವರದ ಆಚೆ ಅದನ್ನು ಯಾರೂ ಕೊಳ್ಳುವುದಿಲ್ಲ ಎಂದು ಮುಖಂಡರು ಸಾರಿದರು. ನನಗೆ ಕೈತುಂಬ ಕೆಲಸ. ಆಸ್ಪತ್ರೆಯ ಹಲಗೆಗೂ ಬರೆಯಲು ಸಿಸ್ಟರ್ ಒಪ್ಪಿದರು. ಆ ದಿನ ಅವರು ಮಕ್ಕಳ ತೂಕ ನೋಡಲು ದ್ವೀಪಕ್ಕೆ ಹೋಗಿದ್ದರು. ನಾನು ಏಣಿ ಇಟ್ಟೆ. ಬಾಶಿ ಕಬಾಸೊ ನನ್ನ ಬಣ್ಣದ ಡಬ್ಬದ ಕೆಳಗೆ ತನ್ನ ಕತ್ತರಿ, ಮೀಟರು ಅಡಗಿಸಿಕೊಂಡು ಹಿಂದೆಯೇ ಹತ್ತಿದ. ಬೇಡ ಎನ್ನಬಹುದಿತ್ತು. ನಾನು ಅವನ ಸ್ಕ್ರೂಗಳನ್ನು ಟೋಪಿಯಲ್ಲಿ ಹಿಡಿದುಕೊಂಡು ಕೂತೆ.

ಒಂದು ಡಯೋಡು ಕೆಟ್ಟಿತ್ತು. ಅವನು ಮೂರನ್ನೂ ಕಿತ್ತ. ಮುಳ್ಳು ತುಂಬ ಮೇಲೇರಿತು. ಆಮೇಲೆ ನಾನು ಬಿಳಿ ಎಣ್ಣೆಬಣ್ಣದಲ್ಲಿ, ಮೂರು ಕೈ ಬಳಿದು, ಊರಿನ ಹೆಸರನ್ನು ಗಾಜಿನ ಈ ತುದಿಯಿಂದ ಆ ತುದಿಗೆ ಬರೆದೆ. ಮೊದಲ ಅಕ್ಷರ ಒಂದು ನೀಲಿ ಚೌಕವನ್ನು ಪೂರ್ತಿ ಮುಚ್ಚಿತು. ಅವನ ಮೀಟರು ವೋಲ್ಟನ್ನು ಮಾತ್ರ ನೋಡುತ್ತಿತ್ತು, ಒಂದು ಚೌಕ ಕುರುಡಾದರೆ ವೋಲ್ಟು ಅಷ್ಟೇನೂ ಇಳಿಯುವುದಿಲ್ಲ. ನಾವು ಖುಷಿಯಾಗಿ ಇಳಿದೆವು. ದ್ವೀಪದಿಂದ ಬಂದ ಸಿಸ್ಟರ್ ತಲೆಯೆತ್ತಿ ನೋಡಿ, "ಎಷ್ಟು ಚೆಂದ ಬರೆದಿದ್ದೀರಿ," ಎಂದರು.

ಏಳು ವಾರಕ್ಕೆ ಫ್ರಿಜ್ ನಿಂತಿತು. ಲಸಿಕೆಯೆಲ್ಲ ಕೆಟ್ಟಿತು. ಅದೃಷ್ಟಕ್ಕೆ ಸಿಸ್ಟರ್ ಅದನ್ನು ಯಾವ ಮಗುವಿಗೂ ಚುಚ್ಚದೆ ಲೆಕ್ಕ ಹಿಡಿದು ಕಚೇರಿಗೆ ತಿಳಿಸಿದರು. ಬೆನ್ನಿಗೆ ಮಗು ಕಟ್ಟಿಕೊಂಡು ಹತ್ತು ಮೈಲಿ ನಡೆದು ಬಂದ ತಾಯಂದಿರು ಬರಿಗೈಲಿ ಹೋದರು, ಅಂಗಳದಲ್ಲಿ ನಿಂತು ಸಿಸ್ಟರನ್ನು ಶಪಿಸಿದರು. ಏನಾಯಿತು ಎಂದು ಮಾರ್ಕೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನನಗೆ ಟೋಪಿಯಲ್ಲಿ ಸ್ಕ್ರೂ ಹಿಡಿದದ್ದು ನೆನಪಾಯಿತು. ಯಾರ ಕಣ್ಣೂ ಸೂರಿನ ಕಡೆ ಹೋಗದಿರಲಿ ಎಂದು, ನಾನೇ ಬೇಕೆಂದು, ಒಂದು ಮಾತು ಎಸೆದೆ.

"ಸಿಸ್ಟರ್ ಮನೇಲಿ ಟಿವಿ ಇದೆಯಲ್ಲ, ಲಸಿಕೆಯೆಲ್ಲ ಅದಕ್ಕೇ ಹಾಕಿಸಿದ್ದಾರೆ. ಇನ್ನು ಆ ಟಿವಿಗೆ ದಡಾರ ಬರಲ್ಲ ಬಿಡ್ರಪ್ಪಾ."

ಜನ ಬಿದ್ದು ಬಿದ್ದು ನಕ್ಕರು. ಸಂಜೆಯೊಳಗೆ ಅದು ನಿಜವೇ ಆಗಿಹೋಯಿತು. ಸಿಸ್ಟರ್ ಫ್ರಿಜ್ಜಿನ ಕರೆಂಟು ಕದ್ದು ಟಿವಿ ನೋಡುತ್ತಿದ್ದರು ಎಂದು ನನಗೇ ನಾಲ್ಕು ಜನ ಬಂದು ಹೇಳಿದರು.

ಕಚೇರಿಯಿಂದ ಬಂದವನು ಹಲಗೆ ಇಳಿಸಿ, ಕಪ್ಪು ಡಬ್ಬಿ ಬಿಚ್ಚಿರುವುದನ್ನು ನೋಡಿ, ಡಯೋಡು ಎಲ್ಲಿ ಎಂದು ಕೇಳಿದ. ಡಬ್ಬಿ ಬಿಚ್ಚಿದ್ದೇ ಗೊತ್ತಿಲ್ಲ ಎಂದರು ಸಿಸ್ಟರ್. ಗೇಟಿನ ಬೀಗದ ಕೈ ನಿಮ್ಮ ಹತ್ತಿರ ತಾನೇ, ಬಿಡಿಭಾಗ ಮಾರಿಕೊಂಡಿರಾ ಎಂದ. ನಾನೂ ಬಾಶಿ ಕಬಾಸೊನೂ ಬೇಲಿಯ ಆಚೆ, ಗುಂಪಿನ ಹಿಂದೆ ನಿಂತಿದ್ದೆವು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸಿಸ್ಟರನ್ನು ಕೆಲಸದಿಂದ ನಿಲ್ಲಿಸಿದರು. ಅವರು ಹೊರಟ ದಿನ ಟ್ರಂಕು ಎತ್ತಲು ಬೇರೆ ಯಾರೂ ಹೋಗಲಿಲ್ಲ. ಲಾರಿಗೆ ಅದನ್ನು ಎತ್ತಿಟ್ಟವನು ನಾನು. ಅವರು ತಮ್ಮ ಕಡೆಯ ರೀತಿಯಲ್ಲಿ ಮಂಡಿ ಬಗ್ಗಿಸಿ, ಮೆಲ್ಲಗೆ ಚಪ್ಪಾಳೆ ತಟ್ಟಿ ನನಗೆ ಕೃತಜ್ಞತೆ ಹೇಳಿದರು. ಆ ಸದ್ದು ಕಿವಿಯಿಂದ ಹೋಗಿಲ್ಲ.

ಅಲ್ಲಿಯವರೆಗೂ ಬಾಶಿ ಕಬಾಸೊನಿಗೆ ತಾನು ಕಿತ್ತದ್ದರಿಂದಲೇ ಫ್ರಿಜ್ ಸತ್ತಿತೆಂದು ಖಾತರಿಯಿರಲಿಲ್ಲ. ಮಳೆಗಾಲ ಕಳೆಯುತ್ತಲೇ ಬಾನಾ ಮ್ವಾಪೆ ತನ್ನ ಹಲಗೆಯನ್ನು ತಂದು ಅವನ ಮುಂದೆ ಎಸೆದಳು. ಗಾಜು ಬಿರಿದಿತ್ತು, ಹಿಂಬದಿಯಲ್ಲಿ ಸುಟ್ಟ ಗುರುತಿತ್ತು.

"ಕಳ್ಳನ್ನ ಹಿಡಿದೋರು ನೀವು. ನನ್ನ ಹಲಗೆಗೆ ಬೆಂಕಿ ಇಟ್ಟೋರು ಯಾರು, ಅದನ್ನೂ ಹಿಡಿದುಕೊಡಿ."

ಆಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಅವನು ಅವನ್ನೆಲ್ಲ ಮರಳಿನ ಮೇಲೆ ಸಾಲಾಗಿ ಹರಡಿಕೊಂಡು ಎರಡು ದಿನ ಒಂದೊಂದನ್ನೇ ತಿರುವಿ ನೋಡುತ್ತ ಕೂತ. ಸುಟ್ಟ ಕಲೆ ಎಲ್ಲದರಲ್ಲೂ ನನ್ನ ಅಕ್ಷರ ದಪ್ಪವಾಗಿದ್ದ ಕಡೆಯೇ ಇತ್ತು. ಮೂರನೆಯ ದಿನ, ಡಯೋಡು ಕಿತ್ತಿದ್ದರೂ ಇನ್ನೂ ಸುಟ್ಟಿರದ ಎರಡು ಹಲಗೆ ತಂದು, ಒಂದಕ್ಕೆ ಹಾಲಿನ ಪುಡಿಯ ಡಬ್ಬದಿಂದ ಮೂರು ಡಯೋಡು ಬೆಸೆದ, ಇನ್ನೊಂದನ್ನು ಹಾಗೇ ಬಿಟ್ಟ. ಪ್ರತಿ ಹಲಗೆಯ ಎರಡು ತಂತಿಗಳನ್ನೂ ತುದಿಗೆ ತುದಿ ಕೂಡಿಸಿ, ಒಂದೊಂದರಲ್ಲೂ ಒಂದೇ ಚೌಕದ ಮೇಲೆ ಗೋಣಿತುಂಡು ಹೊದಿಸಿ ಬಿಸಿಲಿಗಿಟ್ಟ. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದ.

"ಕೆಳಗೆ ಕೈ ಹಾಕಿ ಮುಟ್ಟಿ ನೋಡು."

ಡಯೋಡು ಇದ್ದದ್ದು ಬೆಚ್ಚಗಿತ್ತು. ಇಲ್ಲದ್ದನ್ನು ಮುಟ್ಟಿ ಕೈ ಎಳೆದುಕೊಂಡೆ, ಎರಡು ಬೆರಳು ಬೊಬ್ಬೆ ಎದ್ದವು.

"ದೋಣಿಯಿಂದ ಮೀನಿನ ಬುಟ್ಟಿ ಇಳಿಸೋವಾಗ ಸಾಲಾಗಿ ನಿಲ್ತೀವಲ್ಲ, ಕೈಯಿಂದ ಕೈಗೆ," ಎಂದ. "ಮಧ್ಯದಲ್ಲಿ ಒಬ್ಬ ತೂಕಡಿಸಿದ ಅಂತಿಟ್ಕೋ. ಹಿಂದಿನೋರು ತಳ್ತಾನೇ ಇರ್ತಾರೆ. ಎಲ್ಲ ಅವನ ಮೈಮೇಲೆ ಬೀಳುತ್ತೆ, ಸಾಲೇ ನಿಂತುಹೋಗುತ್ತೆ. ನೆರಳು ಬಿದ್ದ ಚೌಕ ಅಂದ್ರೆ ಅವನೇ. ತಾನೂ ಕೊಡಲ್ಲ, ಮಿಕ್ಕೋರದ್ದೆಲ್ಲ ಮೈಮೇಲೆ ಹಾಕ್ಕೊಂಡು ಬೇಯ್ತಾನೆ. ಈ ಡಯೋಡು ಪಕ್ಕದಲ್ಲಿ ಕೈಕಟ್ಟಿ ನಿಂತಿರೋನು. ಎಲ್ಲರೂ ಎಚ್ಚರವಾಗಿದ್ರೆ ಅವನಿಗೇನೂ ಕೆಲಸ ಇಲ್ಲ. ಒಬ್ಬ ತೂಕಡಿಸಿದನೋ, ಅವನಿರೋ ಗುಂಪಿನ ಪಕ್ಕದಿಂದ ಬುಟ್ಟೀನ ಮುಂದಕ್ಕೆ ದಾಟಿಸ್ತಾನೆ. ಮುಂದಕ್ಕೆ ಮಾತ್ರ, ಹಿಂದಕ್ಕೆ ಬಿಡಲ್ಲ. ಸಾಲೂ ನಡೆಯುತ್ತೆ, ತೂಕಡಿಸಿದೋನೂ ಬದುಕ್ತಾನೆ. ನಾನು ಸುಡುಬಿಸಿಲಲ್ಲಿ ಹೋಗಿ ನೋಡಿ, ಇವನು ಸುಮ್ನೆ ನಿಂತಿದ್ದಾನೆ ಅಂತ ಓಡಿಸಿಬಿಟ್ಟೆ."

ನಾನು ಬೆರಳು ಚೀಪುತ್ತ ನಿಂತಿದ್ದೆ.

"ಆ ಸಿಸ್ಟರಮ್ಮನ ಹೆಸರು ಕೆಟ್ಟಿದ್ದು ನಮ್ಮಿಂದ. ಎಲ್ಲರಿಗೂ ಹೇಳಬೇಕು ಕಣೋ," ಎಂದ. ಮೊದಲು ಮುಖಂಡರ ಹತ್ತಿರ ಹೋದ. ಹೋದವರು ಹೋದರು, ಈಗ ಹೊಸ ಸಿಸ್ಟರ್ ಬಂದಿದ್ದಾರೆ, ಸತ್ತ ಮೀನನ್ನು ಯಾಕೆ ಮತ್ತೆ ನೀರಿಗೆ ಬಿಡುತ್ತೀಯ ಎಂದು ಅವರು ಕಳಿಸಿಬಿಟ್ಟರು. ಆಮೇಲೆ ಅವನಿಗೆ ಒಂದು ಉಪಾಯ ತೋಚಿತು.

"ಅಣಬೆ, ನೀನು ನನ್ನ ಮೇಲೆ ಏನು ಬೇಕಾದ್ರೂ ಅನ್ನಬಹುದು, ಅಲ್ವಾ? ಜನ ಸೇರಿದ ಕಡೆ ನೀನು ಅನ್ನು. ನಾನು ಹೂಂ ಅಂತೀನಿ. ನಾನೇ ಎದ್ದು ನಿಂತು ಶುರು ಮಾಡೋಕೆ ಬಾಯಿ ಬರ್ತಿಲ್ಲ."

ಮುಖಂಡರ ಅಕ್ಕ ತೀರಿಕೊಂಡಾಗ ದಂಡೆಯ ಜನವೆಲ್ಲ ಸೇರಿತು. ಮುಖಂಡರದ್ದೂ ಮಳೆಯ ಕುಲವೇ, ಹಾಗಾಗಿ ಗುಂಡಿ ತೋಡಿದ್ದು ನಾವು. ಪದ್ಧತಿಯಂತೆ ನಾನು ಗುಂಡಿಯೊಳಗೆ ಮಲಗಿ, ರಾಗಿ ಹೆಂಡ ಕೊಡುವ ತನಕ ಏಳುವುದಿಲ್ಲ ಎಂದು ಹಟ ಹಿಡಿದೆ. ಹೆಂಡ ಬಂತು. ಎದ್ದು ಮಣ್ಣು ಕೊಡವಿ ಬಾಶಿ ಕಬಾಸೊನ ಕಡೆ ಬೆರಳು ಮಾಡಿದೆ.

"ಈ ಮಳೆಯನ್ನ ನೋಡಿಕೊಳ್ಳಿ. ಆಸ್ಪತ್ರೆ ಹಲಗೆಯಿಂದ ಡಯೋಡು ಕಿತ್ತವನು ಇವನು. ಫ್ರಿಜ್ ಕೊಂದವನು ಇವನು. ಸಿಸ್ಟರ್ ನಾಸಿಲೆಲೆ ಏನೂ ಮಾಡಿಲ್ಲ."

ಜನ ಹೋ ಎಂದು ನಕ್ಕರು. ಅಳುತ್ತಿದ್ದ ಹೆಂಗಸರೂ ಸೆರಗಿನೊಳಗೆ ನಕ್ಕರು. ಬಾಶಿ ಕಬಾಸೊ ಮುಂದೆ ಬಂದು, "ಅವನು ಹೇಳಿದ್ದು ನಿಜ," ಎಂದ. ನಗು ಇನ್ನೂ ಜೋರಾಯಿತು. "ನಿಜಾ ಕಣ್ರಪ್ಪಾ," ಎಂದು ಅವನು ಕೈಮುಗಿದ. ಮುದುಕನೊಬ್ಬ ಕಣ್ಣೊರೆಸಿಕೊಳ್ಳುತ್ತ, "ಎಂಥ ಜೋಡಿ ಇದು, ಹೆಣ ಎದ್ದು ಕೂರೋ ಹಾಗೆ ಆಡ್ತಾರೆ," ಎಂದ. ಅಣಬೆ ಮಳೆಗೆ ಅಂದ ಮಾತನ್ನು ನಮ್ಮ ದಡದಲ್ಲಿ ಹುಟ್ಟಿದವರು ಯಾರೂ ನಂಬುವುದಿಲ್ಲ. ಅದು ಬಾಶಿ ಕಬಾಸೊನಿಗೆ ಆ ಗಳಿಗೆಯ ತನಕ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಗುಂಡಿಯಲ್ಲಿ ಮಲಗಿದ್ದಾಗಲೇ ಹೊಳೆದಿತ್ತು, ಅದಕ್ಕೇ ಅಷ್ಟು ಧೈರ್ಯವಾಗಿ ಕೂಗಿದ್ದು. ನನ್ನ ಏಣಿಯ ಮಾತು, ನನ್ನ ಟೋಪಿಯ ಮಾತು, ಟಿವಿಯ ಮಾತು ಆಗಲೂ ಎತ್ತಲಿಲ್ಲ.

ಅವನು ಮನೆಗೆ ಹೋಗುತ್ತ ದಾರಿಯಲ್ಲಿ, "ಮಾತಿಂದ ಆಗಲ್ಲ. ಕಾಗದ ಬೇಕು," ಎಂದ.

ಅವನಿಗೆ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಮರುದಿನ ನನ್ನ ಅಂಗಡಿಯಲ್ಲಿ ಕೂತು ಹೇಳಿದ, ನಾನು ಬರೆದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಡಯೋಡು, ಯಾಕೆ ಕಿತ್ತದ್ದು ತಪ್ಪು, ಎಲ್ಲ. "ನಾವಿಬ್ಬರೂ ಹತ್ತಿದ್ವಿ ಅಂತ ಹಾಕು. ನಿನ್ನ ಹೆಸರೂ ಇದ್ರೆ ಅವರು ನಂಬ್ತಾರೆ," ಎಂದ. ನನ್ನ ಕೈ ಅಲ್ಲಿಗೆ ಬಂದು ನಿಂತಿತು. ಕಚೇರಿಯ ಬೋರ್ಡುಗಳೆಲ್ಲ ನನ್ನವು. ಪೊಲೀಸರ ಬಾಗಿಲ ಮೇಲಿನ ಅಕ್ಷರವೂ ನನ್ನದೇ. ಹೆಸರು ಬಿದ್ದರೆ ಆ ಕೆಲಸವೆಲ್ಲ ಕೈತಪ್ಪುತ್ತಿತ್ತು. ನಾನು ಬರೆದೆ: ‘ಬೋರ್ಡಿನವನು ಬರೆದು ಇಳಿದು ಹೋದ ಮೇಲೆ ಸೂರು ಹತ್ತಿದವನು ನಾನೊಬ್ಬನೇ.’ ಆಮೇಲೆ ಕಾಗದವನ್ನು ಅವನಿಗೆ ಓದಿ ಹೇಳಿದೆ. ಆ ಸಾಲಿಗೆ ಬಂದಾಗ, ‘ನಾನು ಮತ್ತು ಬೋರ್ಡು ಬರೆಯುವ ಚೋಲಾ’ ಎಂದು ಓದಿದೆ. ಅವನು ಹೆಬ್ಬೆರಳಿಗೆ ನನ್ನ ಕಪ್ಪು ಬಣ್ಣ ಹಚ್ಚಿಕೊಂಡು ಒತ್ತಿದ.

ಕಚೇರಿಗೆ ಕೊಟ್ಟರೆ ಬೀರು ಸೇರುತ್ತದೆ, ಸಿಸ್ಟರ್ ಕೈಗೇ ಕೊಡುತ್ತೇನೆ ಎಂದು ಅವನು ಮೊಂಗುವಿಗೆ ಹೊರಟ. ಮೂರು ದಿನದ ದಾರಿ, ನಾಲ್ಕು ಬಸ್ಸು, ಅಂಥಾ ಸೊಂಟ. ಜೊತೆಗೆ ಬಾ ಎಂದು ಕರೆದ. ದೋಣಿಯೊಂದಕ್ಕೆ ಹೆಸರು ಬರೆಯುವುದಿದೆ ಎಂದೆ. "ಅಣಬೆಗೆ ಕಾಲಿದ್ರೆ ತಾನೇ," ಎಂದು ನಕ್ಕು ಬಸ್ಸು ಹತ್ತಿದ. ನಾನು ದಿನಾ ಒಂದೇ ಆಸೆ ಕಟ್ಟಿಕೊಂಡು ಕಾದೆ: ಆಕೆ ಆ ಕಾಗದವನ್ನು ಮನಸ್ಸಿನಲ್ಲೇ ಓದಿಕೊಳ್ಳಲಿ.

ಕಾಗದ ಏನು ಮಾಡಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಿಸ್ಟರ್ ಅದನ್ನು ಮೇಲಿನವರಿಗೆ ತೋರಿಸಿದರು, ಮೂರು ತಿಂಗಳಿಗೆ ಅವರ ಕಡೆಯ ಆಸ್ಪತ್ರೆಯೊಂದರಲ್ಲಿ ಮತ್ತೆ ಕೆಲಸ ಸಿಕ್ಕಿತು. ಬಾಶಿ ಕಬಾಸೊನನ್ನು ಪೊಲೀಸರು ಕರೆಸಿದರು. ಎರಡು ವಾರ ಒಳಗಿಟ್ಟು, ಸರ್ಕಾರಿ ಸಾಮಾನು ಮುಟ್ಟಿದರೆ ಜೋಕೆ ಎಂದು ಬಿಟ್ಟರು. ದಂಡೆಯ ತಾಯಂದಿರು ಅವನ ಅಂಗಡಿಯ ಮುಂದೆ ಉಗಿದು ಹೋಗುತ್ತಾರೆ. ಅವನು ಡಯೋಡಿನ ಡಬ್ಬ ಹಿಡಿದು ಮನೆಮನೆಗೂ ಹೋಗಿ, ಕಿತ್ತದ್ದನ್ನು ವಾಪಸು ಬೆಸೆದುಕೊಡುತ್ತೇನೆ, ಗಾಜಿನ ಬಣ್ಣ ಕೆರೆದುಕೊಡುತ್ತೇನೆ ಎಂದು ಬೇಡುತ್ತಾನೆ. ಕೆಲವರು ಒಳಗೆ ಬಿಡುತ್ತಾರೆ, ಕೆಲವರು ನಾಯಿ ಬಿಡುತ್ತಾರೆ.

ಅವನು ಮೊಂಗುವಿನಿಂದ ಬಂದ ದಿನ ನಾನು ದಡದಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದೆ. ಬಸ್ಸಿಳಿದು ನೇರ ನನ್ನ ಕಡೆಗೇ ಬಂದ. ಬೈಗುಳಕ್ಕೆ ಕಾದೆ. ಅವನು ದೋಣಿಯ ಅಂಚಿಗೆ ಒರಗಿ ಕೂತ.

ಸಿಸ್ಟರ್ ಹೇಗಿದ್ದಾರೆ ಎಂದು ಕೇಳಬೇಕಿತ್ತು. "ಓದಿದ್ರಾ?" ಎಂದು ಕೇಳಿದೆ.

"ಓದಿದ್ರು. ಅವರಮ್ಮನಿಗೆ ಕಣ್ಣು ಕಾಣಿಸಲ್ಲ. ಅವರಿಗೂ ಕೇಳಲಿ ಅಂತ ಜೋರಾಗೇ ಓದಿದ್ರು, ನಮ್ಮ ಮಾತಲ್ಲಿ ಒಂದ್ಸಲ, ಅವರ ಮಾತಲ್ಲಿ ಒಂದ್ಸಲ."

"ಪೂರ್ತಿನಾ?"

"ಪೂರ್ತಿ."

ಕುಂಚದಿಂದ ಬಣ್ಣ ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಒಬ್ಬರೇ ಹತ್ತಿದ್ರಾ, ಏಣಿ ಹಿಡಿಯೋಕೂ ಯಾರೂ ಇರಲಿಲ್ವಾ ಅಂತ ಕೇಳಿದ್ರು," ಎಂದ. "ಕಾಗದದಲ್ಲಿ ಸರಿಯಾಗೇ ಬರೆದಿದೆ ಸಿಸ್ಟರ್, ಅಂದೆ."

ನಾನು ಕುಂಚ ಕೆಳಗಿಟ್ಟೆ. ಅವನ ಕಾಲಿನ ಹತ್ತಿರ ಮರಳಿನಲ್ಲಿ ಕೂತು, "ಬೈಯೋ ಮಾರಾಯ. ನಿನ್ನ ಬಾಯಿಗೆ ಬಂದಿದ್ದು ಬೈದುಬಿಡು," ಎಂದೆ.

ಅವನು ಎದ್ದು, ಸೊಂಟದ ಮೇಲೆ ಕೈಯಿಟ್ಟು, ಹೊಸಬರನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ ಕೇಳಿದ: "ನಿಮ್ಮನ್ನ ಯಾಕೆ ಬೈಲಿ? ನೀವೇನು ಮಾಡಿದ್ರಿ?"